ಜಲಪಾತಕ್ಕೆ ಹೊರಟಿದ್ದೀರಾ? ಮೊದಲು ವಾಪಸ್ ಬರುವ ಲೆಕ್ಕ ಹಾಕಿ

ಮಳೆ ಕಡಿಮೆಯಾಗುತ್ತಾ ಬಂತು, ಪತ್ರಗಳಲ್ಲೂ ಇಮೇಲ್‌ನಲ್ಲೂ ಒಂದೇ ವಿಷಯ. ಉತ್ತರ ಕನ್ನಡದಲ್ಲಿ ಯಾವ ಜಲಪಾತಕ್ಕೆ ಹೋಗೋಣ, ಹೇಗೆ ಹೋಗೋಣ, ಒಂದು ದಿನ ಸಾಕಾ? ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಜಾಸ್ತಿ ಉದ್ದ ಇದ್ದದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾವು ಐದು ಜನ ಗೆಳೆಯರು, ಒಂದೇ ಆಫೀಸು. ನವೆಂಬರ್‌ನಲ್ಲಿ ಒಂದು ಭಾನುವಾರ ಕಾರಿನಲ್ಲಿ ಬರುತ್ತೇವೆ. ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿ ಬಿಟ್ಟು ಉಂಚಳ್ಳಿ, ಯಾಣ, ವಿಭೂತಿ, ಮಾಗೋಡು ನೋಡಿ ರಾತ್ರಿ ವಾಪಸ್ ಆಗಬೇಕು. ಒಂದಾದರೂ ಕಡೆ ಕಾಡಿನಲ್ಲಿ ನಡೆದು ಜಲಪಾತದ ಬುಡಕ್ಕೆ ಇಳಿಯುವ ಆಸೆ. ಟೈಮ್ ಟೇಬಲ್ ಹಾಕಿಕೊಡಿ. — ಓದುಗರು, ಹುಬ್ಬಳ್ಳಿ

ಹಾಕಿಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊಬೈಲಿನ ಮ್ಯಾಪ್‌ನಲ್ಲಿ ಇವೆಲ್ಲ ಅಕ್ಕಪಕ್ಕ ಇದ್ದ ಹಾಗೆ ಕಾಣುತ್ತವೆ. ಆದರೆ ಉಂಚಳ್ಳಿ ಇರುವುದು ಅಘನಾಶಿನಿ ಕಣಿವೆಯಲ್ಲಿ, ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಹತ್ತಿರ. ಮಾಗೋಡು ಇರುವುದು ಬೇಡ್ತಿ ಕಣಿವೆಯಲ್ಲಿ, ಯಲ್ಲಾಪುರದ ಕಡೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ನೇರ ದಾರಿ ಎಲ್ಲಿಂದ ಬರಬೇಕು? ಹತ್ತಿ, ಊರಿಗೆ ಬಂದು, ಮತ್ತೆ ಇನ್ನೊಂದು ಕಡೆ ಇಳಿಯಬೇಕು. ಹುಬ್ಬಳ್ಳಿಯಿಂದ ಶಿರಸಿಗೇ ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಉಂಚಳ್ಳಿಗೆ ಮತ್ತೆ ಮೂವತ್ತರ ಮೇಲೆ, ಅದೂ ತಿರುವು ತಿರುವಿನ ರಸ್ತೆ. ನೀವು ಬರೆದ ಪಟ್ಟಿ ಹಿಡಿದು ಹೊರಟರೆ ದಿನವಿಡೀ ಕಾರಿನಲ್ಲೇ ಕೂತಿರುತ್ತೀರಿ. ನಾಲ್ಕು ಪಾರ್ಕಿಂಗ್ ಜಾಗ ನೋಡಿದ ಪುಣ್ಯ ಬರುತ್ತದೆ ಅಷ್ಟೇ.

ಇನ್ನು ಬುಡಕ್ಕೆ ಇಳಿಯುವ ಆಸೆ. ಇಲ್ಲಿ ಒಂದು ವಿಷಯ ಸರಿಯಾಗಿ ತಲೆಗೆ ಹೋಗಬೇಕು, ಬಯಲುಸೀಮೆ ಕಡೆಯಿಂದ ಬರುವವರಿಗಂತೂ ಜಾಸ್ತಿ. ಬೆಟ್ಟ ಹತ್ತುವ ಚಾರಣದಲ್ಲಿ ಕಷ್ಟ ಮೊದಲು ಬರುತ್ತದೆ. ಬೆಳಗಿನ ತಂಪಿನಲ್ಲಿ ಹತ್ತುತ್ತೀರಿ, ಸುಸ್ತಾದರೆ ಅಲ್ಲಿಂದಲೇ ವಾಪಸ್. ನಮ್ಮ ಜಲಪಾತಗಳದ್ದು ಉಲ್ಟಾ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲ ಘಟ್ಟದ ಮೇಲಿವೆ, ಶಿರಸಿಯೇ ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಎತ್ತರದಲ್ಲಿದೆ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ಎಲ್ಲವೂ ಪಶ್ಚಿಮಕ್ಕೆ ಹರಿದು ಘಟ್ಟದ ಅಂಚಿನಿಂದ ಕೆಳಗೆ ಬೀಳುತ್ತವೆ. ಹೀಗಾಗಿ ರಸ್ತೆ ಮೇಲೆ, ಜಲಪಾತದ ಬುಡ ಕೆಳಗೆ. ಹೋಗುವಾಗ ಇಳಿಜಾರು, ಉತ್ಸಾಹ, ನಗು, ಸೆಲ್ಫಿ. ನೀರಲ್ಲಿ ಆಡಿ, ಹಸಿದು, ಕಾಲು ಸೋತ ಮೇಲೆ ನಡು ಮಧ್ಯಾಹ್ನದ ಸೆಕೆಯಲ್ಲಿ ಹತ್ತಬೇಕು. ಇಳಿಯುವುದು ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ, ಚುಕ್ತಾ ಮಾಡುವಾಗಲೇ ಗೊತ್ತಾಗುತ್ತದೆ.

ಅದಕ್ಕೇ ಲೆಕ್ಕವನ್ನು ಹಿಂದಿನಿಂದ ಹಾಕಿ. ನವೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆದರೆ ಕಣಿವೆಯೊಳಗೆ, ಮರಗಳ ಕೆಳಗೆ, ಐದಕ್ಕೇ ಕಪ್ಪಾಗುತ್ತದೆ. ನಾಲ್ಕು ಗಂಟೆಗೆ ಎಲ್ಲರೂ ಕಾರಿನ ಹತ್ತಿರ ಇರಬೇಕು ಅಂದುಕೊಳ್ಳಿ. ಇಳಿಯಲು ಮುಕ್ಕಾಲು ಗಂಟೆ ಹಿಡಿದರೆ ಹತ್ತಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅಂದರೆ ಎರಡೂವರೆಗೆ ನೀರು ಬಿಟ್ಟು ಹೊರಡಲೇಬೇಕು, ಯಾರು ಎಷ್ಟೇ 'ಇನ್ನೊಂದು ಫೋಟೋ' ಅಂದರೂ. ಹನ್ನೆರಡು ಗಂಟೆಯಾದರೂ ಇನ್ನೂ ಕೆಳಗೆ ಮುಟ್ಟದಿದ್ದರೆ ಎಲ್ಲಿದ್ದೀರೋ ಅಲ್ಲೇ ಬುತ್ತಿ ಬಿಚ್ಚಿ ತಿಂದು ವಾಪಸ್ ತಿರುಗಿ. ಈ ಎರಡು ಟೈಮ್‌ಗಳನ್ನು ಮನೆಯಲ್ಲೇ ನಿರ್ಧರಿಸಿ ಬನ್ನಿ, ಜಲಪಾತದ ಎದುರು ಕೂತು ಚರ್ಚೆ ಮಾಡಿದರೆ ಯಾವತ್ತೂ 'ಇನ್ನೂ ಹತ್ತು ನಿಮಿಷ' ಅನ್ನುವವರೇ ಗೆಲ್ಲುತ್ತಾರೆ.

ಹಾಗಾದರೆ ಏನು ಮಾಡಬೇಕು? ಎರಡು ದಾರಿ. ನೋಡುವುದೇ ಮುಖ್ಯ ಅಂದರೆ ಯಲ್ಲಾಪುರದ ಕಡೆ ಬನ್ನಿ, ಹುಬ್ಬಳ್ಳಿಗೆ ಹತ್ತಿರ. ಮಾಗೋಡಿನಲ್ಲಿ ಬೇಡ್ತಿ ಎರಡು ಹಂತದಲ್ಲಿ ಒಟ್ಟು ಸುಮಾರು 200 ಮೀಟರ್ ಬೀಳುತ್ತದೆ, ಎದುರಿನ ವ್ಯೂ ಪಾಯಿಂಟ್‌ನಿಂದ ನೋಡಬೇಕು, ಬುಡಕ್ಕೆ ಇಳಿಯುವ ಮಾತೇ ಬೇಡ. ಸಂಜೆ ಅಲ್ಲೇ ಹತ್ತಿರದ ಜೇನುಕಲ್ಲು ಗುಡ್ಡದಲ್ಲಿ ಸೂರ್ಯಾಸ್ತ ನೋಡಿ ಹೊರಡಬಹುದು. ನಡೆಯುವುದು ಮುಖ್ಯ ಅಂದರೆ ಒಂದೇ ಜಲಪಾತ ಇಟ್ಟುಕೊಳ್ಳಿ. ಶಿರಸಿ–ಕುಮಟಾ ರಸ್ತೆಯಲ್ಲಿ ಕಸಗೆ ಕಡೆಯಿಂದ ಹೋಗುವ ಬೆಣ್ಣೆಹೊಳೆ ಜಲಪಾತ ನನ್ನ ಆಯ್ಕೆ. ಅಘನಾಶಿನಿಗೆ ಸೇರುವ ಹೊಳೆ ಅದು, ಬಂಡೆಯ ಮೇಲೆ ಬಿಳಿಯಾಗಿ ಹರಡಿಕೊಂಡು ಇಳಿಯುತ್ತದೆ. ಕಾಡಿನ ದಾರಿ ಇದೆ, ಕೊನೆಯಲ್ಲಿ ಕಡಿದಾದ ಇಳಿಜಾರು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಒಂದು ದಿನದ ಕೂಲಿ ಕೊಡಿ. ಐದು ಜನ ಹಂಚಿಕೊಂಡರೆ ದೊಡ್ಡ ಮೊತ್ತವೇನಲ್ಲ, ಕಾಡಿನಲ್ಲಿ ಸೊಪ್ಪು ತರುವವರ ಕಾಲುದಾರಿಗಳು ಹತ್ತಾರು ಕವಲಾಗಿರುತ್ತವೆ, ಯಾವುದು ಹೊಳೆಗೆ ಹೋಗುತ್ತದೆ ಅಂತ ಅವರಿಗೇ ಗೊತ್ತು.

ಏಳಕ್ಕೆ ಹುಬ್ಬಳ್ಳಿ ಬಿಡುವುದು ತಡ. ಐದಕ್ಕೆ ಬಿಡಿ. ತಲೆಗೆ ಎರಡು ಲೀಟರ್ ನೀರು, ಒಂದು ಟಾರ್ಚ್, ಒಣ ಬಟ್ಟೆ ಒಂದು ಜೊತೆ ಕಾರಿನಲ್ಲಿ. ಈ ಟ್ರಿಪ್‌ಗೆಂದೇ ಹೊಸ ಶೂ ಕೊಂಡು ಅದನ್ನೇ ಮೊದಲ ಸಲ ಹಾಕಿಕೊಂಡು ಬರಬೇಡಿ, ಇಳಿಜಾರಿನಲ್ಲಿ ಬೆರಳೆಲ್ಲ ಮುಂದಕ್ಕೆ ಒತ್ತಿ ಗುಳ್ಳೆ ಏಳುತ್ತವೆ. ಮ್ಯಾಪನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಘಟ್ಟದೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಯಾವ ಜಲಪಾತ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಬನ್ನಿ. ತುರ್ತು ಇದ್ದರೆ 112ಕ್ಕೆ ಮಾಡಿ, ನಿಮ್ಮ ಸಿಮ್ಮಿನ ಕಂಪನಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಇದ್ದರೆ ಆ ಕರೆ ಹೋಗುತ್ತದೆ.

ಪ್ರಶ್ನೆ: ಕಾರವಾರದಲ್ಲೇ ಇದ್ದರೂ ಸಮುದ್ರ ಬಿಟ್ಟು ಬೇರೇನೂ ಮಗನಿಗೆ ತೋರಿಸಿಲ್ಲ. ಅವನಿಗೆ 8 ವರ್ಷ. ಅಮ್ಮನೂ ಬರುತ್ತೇನೆ ಅಂತಾರೆ, ಅವರಿಗೆ 66, ಮಂಡಿ ನೋವು. ಹತ್ತಲು ಆಗುವುದಿಲ್ಲ, ಇಳಿಯುವುದಾದರೆ ಪರವಾಗಿಲ್ಲ ಅಂತಾರೆ. ಯಾವ ಜಲಪಾತ ಒಳ್ಳೆಯದು? — ಓದುಗರು, ಕಾರವಾರ

ಸರ್, ಮಂಡಿ ನೋವಿನವರಿಗೆ ನಿಜವಾದ ಶತ್ರು ಇಳಿಜಾರು. ಹತ್ತುವಾಗ ಏದುಸಿರು ಬರುತ್ತದೆ, ಕೂತರೆ ಹೋಗುತ್ತದೆ. ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಅದರ ನೋವು ಮಾರನೇ ದಿನ ಶುರುವಾಗುತ್ತದೆ. ಅಮ್ಮನಿಗೆ ಒಂದು ಊರುಗೋಲು ಕೊಡಿ, ಮೆಟ್ಟಿಲು ಇದ್ದಲ್ಲಿ ಕೈ ಹಿಡಿದು ಅಡ್ಡಡ್ಡವಾಗಿ ಇಳಿಸಿ. ಉಂಚಳ್ಳಿಯ ಮೆಟ್ಟಿಲು ಈ ಸಲ ಬೇಡ.

ನಿಮಗೆ ಸಾತೊಡ್ಡಿ ಸರಿ. ಕಾರವಾರದಿಂದ ಅಂಕೋಲಾ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಮೂವತ್ತು ಕಿಲೋಮೀಟರಿನಷ್ಟು ಒಳಗೆ. ಕಾರು ದೂರವೇ ಆಯಿತು, ನಿಜ. ಆದರೆ ಕಾಲುದಾರಿ ಹೆಚ್ಚಿನಂಶ ಸಮತಟ್ಟು, ಒಂದು ಪಕ್ಕದಲ್ಲಿ ಕಾಡು, ಇನ್ನೊಂದು ಪಕ್ಕದಲ್ಲಿ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಕಾಣುತ್ತಿರುತ್ತದೆ. ಜಲಪಾತ ಎತ್ತರವೇನಿಲ್ಲ, ಸುಮಾರು 15 ಮೀಟರ್. ಆದರೆ ಅಗಲವಾಗಿ ಬೀಳುತ್ತದೆ, ಎದುರಿಗೇ ಕೂತು ನೋಡಬಹುದು. ಮಕ್ಕಳಿಗೆ ಎತ್ತರಕ್ಕಿಂತ ಹತ್ತಿರ ಮುಖ್ಯ ಅಲ್ವಾ? ಇನ್ನೂರು ಮೀಟರಿನದ್ದನ್ನು ಕಂಬಿ ಹಿಡಿದು ದೂರದಿಂದ ತೋರಿಸಿದರೆ ಐದು ನಿಮಿಷಕ್ಕೆ 'ಅಪ್ಪಾ, ಹೋಗೋಣ' ಅನ್ನುತ್ತಾನೆ.

ಅಷ್ಟು ದೂರ ಕೂರಲು ಅಮ್ಮನಿಗೆ ಆಗುವುದಿಲ್ಲ ಅಂದರೆ ಕರಾವಳಿಯಲ್ಲೇ ಹೊನ್ನಾವರದ ಅಪ್ಸರಕೊಂಡ ಇದೆ. ಸಣ್ಣ ಜಲಪಾತ, ಕೆಲವು ಮೆಟ್ಟಿಲು, ಮೇಲೆ ಗುಡ್ಡದಿಂದ ಸಮುದ್ರ ಕಾಣುತ್ತದೆ. ಮಳೆಗಾಲ ಮುಗಿದ ಸ್ವಲ್ಪ ದಿನಕ್ಕೇ ಹೋಗಿ, ಬೇಸಿಗೆಯಲ್ಲಿ ಅಲ್ಲಿ ಹೇಳಿಕೊಳ್ಳುವಂಥ ನೀರು ಇರುವುದಿಲ್ಲ. ಮಗನ ಕೈ ಮಾತ್ರ ಎರಡೂ ಕಡೆ ಬಿಡಬೇಡಿ.

ಪ್ರಶ್ನೆ: ಅಕ್ಕಾ, ನನಗೆ ಹಾವಿಗಿಂತ ಉಂಬಳ ಕಂಡರೆ ಹೆದರಿಕೆ. ಕಾಲೇಜಿನವರೆಲ್ಲ ಅಕ್ಟೋಬರ್‌ನಲ್ಲಿ ಹೊರಟಿದ್ದಾರೆ, ನಾನು ಹೋಗಲೋ ಬೇಡವೋ? — ವಿದ್ಯಾರ್ಥಿನಿ, ಧಾರವಾಡ

ಹೋಗು ಮಾರಾಯ್ತಿ. ಉಂಬಳ, ಅಂದರೆ ಕಾಡಿನ ಜಿಗಣೆ, ಹತ್ತುತ್ತದೆ, ಹತ್ತುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ತನ್ನ ಜೊಲ್ಲಿನಲ್ಲಿ ಹಿರುಡಿನ್ ಅನ್ನುವ ಪದಾರ್ಥ ಬಿಡುತ್ತದೆ. ಅದಕ್ಕೇ ಉಂಬಳ ಬಿದ್ದು ಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ, ನೋಡಿದವರಿಗೆ ಏನೋ ದೊಡ್ಡ ಗಾಯ ಅನಿಸುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿದುಕೊಂಡರೆ ನಿಧಾನಕ್ಕೆ ನಿಲ್ಲುತ್ತದೆ. ಆಮೇಲೆ ಎರಡು ಮೂರು ದಿನ ತುರಿಕೆ ಇರುತ್ತದೆ, ಕೆರೆಯಬೇಡ ಅಷ್ಟೇ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿ ಹೊರಡಬೇಕು.

ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ತುರುಕು. ಚೆಂದ ಕಾಣುವುದಿಲ್ಲ, ಇರಲಿ. ನಮ್ಮ ಕಡೆ ತೋಟಕ್ಕೆ ಹೋಗುವವರು ಹೊಗೆಸೊಪ್ಪು, ಸುಣ್ಣ, ಉಪ್ಪು, ಎಣ್ಣೆ ಅಂತ ಏನೇನೋ ಹಚ್ಚಿಕೊಳ್ಳುತ್ತಾರೆ. ಶೂ ಮತ್ತು ಸಾಕ್ಸ್‌ನ ಮೇಲೆ ಹಚ್ಚಿಕೊಂಡರೆ ಸ್ವಲ್ಪ ಹೊತ್ತು ತಡೆಯುತ್ತದೆ, ಒಂದು ಹಳ್ಳ ದಾಟಿದರೆ ತೊಳೆದು ಹೋಗುತ್ತದೆ. ಕಚ್ಚಿಕೊಂಡಿದ್ದನ್ನು ಹಿಡಿದು ಎಳೆಯಬೇಡ, ಬೆಂಕಿ ಕಡ್ಡಿಯೂ ಬೇಡ. ಸಪೂರ ಇರುವ ತುದಿ ಅದರ ಬಾಯಿ, ಅಲ್ಲಿ ಉಗುರು ಹಾಕಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಜೌಗು ಜಾಗದಲ್ಲಿ ನಿಂತು ಹರಟೆ ಹೊಡೆಯುವವರಿಗೇ ಜಾಸ್ತಿ ಹತ್ತುವುದು, ನಡೆಯುತ್ತಾ ಇರು.

ಪ್ರಶ್ನೆ: ಜಲಪಾತ ಅಂದರೆ ಜುಲೈನಲ್ಲೇ ನೋಡಬೇಕು, ನವೆಂಬರ್‌ನಲ್ಲಿ ಏನಿರುತ್ತದೆ ಅಂತಾರೆ ನಮ್ಮ ಗೆಳೆಯರು. ನಿಜವಾ? — ಓದುಗರು, ದಾವಣಗೆರೆ

ಜುಲೈನಲ್ಲಿ ಎಷ್ಟೋ ಸಲ ಜಲಪಾತವೇ ಕಾಣುವುದಿಲ್ಲ. ಕಣಿವೆ ತುಂಬಾ ಮಂಜು, ಸದ್ದು ಮಾತ್ರ ಕೇಳುತ್ತದೆ. ಅದೂ ಒಂದು ಸುಖವೇ, ಅದಕ್ಕಾಗಿಯೇ ಬರುವವರಿದ್ದಾರೆ, ಆದರೆ ವ್ಯೂ ಪಾಯಿಂಟ್‌ವರೆಗೆ ಮಾತ್ರ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನೊಳಗಿನ ಚಾರಣ ಬೇಡವೇ ಬೇಡ.

ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು, ಆದರೆ ಹೊಳೆಯ ಮೇಲ್ಭಾಗದಲ್ಲಿ ಮಳೆ ಹೊಯ್ದಿದ್ದರೆ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹಳ್ಳವನ್ನು ಮಧ್ಯಾಹ್ನ ದಾಟಲು ಆಗದೆ ಆಚೆ ದಡದಲ್ಲೇ ಸಿಕ್ಕಿಕೊಂಡು, ಈಚೆ ದಡದಲ್ಲಿ ನಿಂತ ಕಾರನ್ನು ನೋಡುತ್ತಾ ಕೂರಬೇಕಾಗುತ್ತದೆ. ತಿಳಿಯಾಗಿದ್ದ ನೀರು ಕೆಂಪಾದರೆ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ, ಹೊಳೆಯ ಸದ್ದು ದಪ್ಪವಾದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಮೇಲೆ ಹತ್ತಿ. ಅದೂ ರಸ್ತೆ ಇರುವ ದಡದ ಕಡೆಗೆ.

ರಸ್ತೆಯೂ ನೆಚ್ಚುವ ಹಾಗಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಇಡೀ ರಾಜ್ಯ ನೋಡಿದೆ. ಜೋರು ಮಳೆಯಲ್ಲಿ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಲ್ಲಿಸಿದರೆ 'ಅಷ್ಟು ದೂರದಿಂದ ಬಂದಿದ್ದೇವೆ' ಅಂತ ಗೇಟಿನಲ್ಲಿ ಜಗಳ ಆಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹವಾಮಾನ ಇಲಾಖೆಯ ಆರೆಂಜ್, ರೆಡ್ ಅಲರ್ಟ್ ಇದ್ದ ದಿನ ಮನೆಯಲ್ಲೇ ಮಂಡಕ್ಕಿ ತಿಂದುಕೊಂಡು ಇರಿ.

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಳ್ಳೆಯ ಕಾಲ. ನೀರು ಇರುತ್ತದೆ, ತಿಳಿಯಾಗಿರುತ್ತದೆ, 116 ಮೀಟರಿನ ಉಂಚಳ್ಳಿ ತಲೆಯಿಂದ ಬುಡದವರೆಗೆ ಕಾಣುತ್ತದೆ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಮಳೆ ಮತ್ತು ಕಾಡು ಕೊಟ್ಟಷ್ಟು ನೀರು ಬರುತ್ತದೆ. ಏಪ್ರಿಲ್‌ನಲ್ಲಿ ಬಂದು ನೀರೇ ಇಲ್ಲ ಅಂತ ನನಗೆ ಬರೆಯಬೇಡಿ.

ಪ್ರಶ್ನೆ: ಈಜು ಚೆನ್ನಾಗಿ ಬರುತ್ತದೆ, ಜಲಪಾತದ ಕೆಳಗೆ ಈಜಬಹುದಾ? — ಓದುಗರು, ರಾಣೆಬೆನ್ನೂರು

ಬೇಡ. ನೀರು ಬೀಳುವ ಜಾಗದಲ್ಲಿ ನೊರೆ ಇರುತ್ತದೆ, ಅಂದರೆ ನೀರಿನೊಳಗೆ ತುಂಬಾ ಗಾಳಿ ಸೇರಿರುತ್ತದೆ, ಅಂಥ ನೀರು ಮೈಯನ್ನು ತೇಲಿಸುವುದಿಲ್ಲ. ಬಿದ್ದ ನೀರು ಕೆಳಕ್ಕೆ ಹೋಗಿ ಸುತ್ತಿ ಬರುವ ಸೆಳೆತ ಬೇರೆ. ಬಾವಿಯಲ್ಲಿ, ಕೆರೆಯಲ್ಲಿ ಕಲಿತ ಈಜು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗುಂಡಿ ಎಷ್ಟು ಆಳ ಅಂತ ಮೇಲಿಂದ ನೋಡಿ ಹೇಳಲು ಆಗುವುದಿಲ್ಲ. ಬಂಡೆಗಳ ಮೇಲೆ ಹಾವಸೆ ಇರುತ್ತದೆ, ನೀರಿಗೆ ಇಳಿಯುವ ಮನಸ್ಸೇ ಇಲ್ಲದವರೂ ಜಾರಿ ಗುಂಡಿಗೆ ಬೀಳುವುದು ಹೀಗೇ. ಜಲಪಾತದಿಂದ ದೂರ, ಹೊಳೆ ಹರಡಿಕೊಂಡು ಮೊಣಕಾಲುದ್ದ ಹರಿಯುವಲ್ಲಿ ಕೂತು ಕಾಲು ಅದ್ದಿ. ಬಾಟಲಿ ತರುವವರಿಗೆ ಹೇಳುವುದು ಏನೂ ಇಲ್ಲ, ಅವರು ಈ ಅಂಕಣ ಓದುವುದಿಲ್ಲ. ಒಡೆದ ಗಾಜು ಮಾತ್ರ ನಮ್ಮ ಕಾಲಿಗೆ, ದನಗಳ ಕಾಲಿಗೆ ಸಿಗುತ್ತದೆ.

ಪ್ರಶ್ನೆ: ನಮಗೆ ಜನವರಿಯಲ್ಲಿ ಮಾತ್ರ ರಜೆ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಅಂತ ಓದಿದೆವು. ಬರಬಹುದಾ? — ಓದುಗರು, ಮೈಸೂರು

ಕೇಳಿದ್ದು ಒಳ್ಳೆಯದಾಯಿತು, ಇದನ್ನು ಕೇಳುವವರೇ ಕಡಿಮೆ. ಈ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಹರಡುವುದು ಉಣುಗುಗಳಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳಗಳಿಂದ. ಡಿಸೆಂಬರ್‌ನಿಂದ ಮೇ ವರೆಗೆ ಜಾಸ್ತಿ, ಸಿದ್ದಾಪುರ ತಾಲ್ಲೂಕಿನಲ್ಲಿ ಜನ ಇದರಿಂದ ನರಳಿದ್ದಾರೆ. ಉಂಬಳ ಬರೀ ಕಿರಿಕಿರಿ, ಉಣುಗು ಹಾಗಲ್ಲ.

ಹೊರಡುವ ಮೊದಲು ಆ ತಾಲ್ಲೂಕಿನಲ್ಲಿ ಈಗ ಕೇಸು ಇದೆಯಾ ಅಂತ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಇದ್ದರೆ ಆ ಭಾಗದ ಕಾಡು ಬಿಟ್ಟು ಬೇರೆ ಕಡೆ ಹೋಗಿ. ಊರಿನವರಿಗೆ ಇಲಾಖೆಯಿಂದ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ನೀವೂ ಉಣುಗು ತಡೆಯುವ ಎಣ್ಣೆ ಅಥವಾ ಮುಲಾಮು ಹಚ್ಚಿಕೊಂಡೇ ಹೋಗಿ. ತುಂಬು ತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರವೂ ಹೋಗಬೇಡಿ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ವಾಪಸ್ ಬಂದ ದಿನವೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯೆಲ್ಲ ಉಜ್ಜಿ ಸ್ನಾನ ಮಾಡಿ. ಆಮೇಲಿನ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ನೀವೇ ಹೇಳಬೇಕು. ಮೈಸೂರಿನಲ್ಲಿ ಕೂತ ಡಾಕ್ಟರಿಗೆ ಅದು ಹೇಗೆ ಹೊಳೆಯಬೇಕು?

ಪ್ರಶ್ನೆ: ಗಾಡಿ ಇಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಒಂದು ದಿನದಲ್ಲಿ ಉಂಚಳ್ಳಿ ನೋಡಿ ಮತ್ತೆ ರಾತ್ರಿ ಬಸ್ಸಿಗೆ ಹೋಗಬಹುದಾ? ದಾರಿಯಲ್ಲಿ ಊಟ ಸಿಗುತ್ತದಾ? — ಇಬ್ಬರು ಗೆಳತಿಯರು, ಬೆಂಗಳೂರು

ಆರಾಮಾಗಿ ಆಗುತ್ತದೆ. ಬೆಳಿಗ್ಗೆ ಶಿರಸಿಯಲ್ಲಿ ಇಳಿದು, ಸ್ಟ್ಯಾಂಡಿನ ಹತ್ತಿರ ಲಾಡ್ಜ್‌ನಲ್ಲಿ ಮುಖ ತೊಳೆದು, ತಿಂಡಿ ತಿಂದು ಹೊರಡಿ. ಹೆಗ್ಗರಣೆ ಕಡೆಯ ಬಸ್ಸು ಕಡಿಮೆ, ಅದನ್ನು ನೆಚ್ಚಿಕೊಂಡರೆ ಹತ್ತುವಾಗಲೇ ಕಂಡಕ್ಟರನ್ನು ವಾಪಸ್ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿ. ನನ್ನ ಮಾತು ಕೇಳುವುದಾದರೆ ಹೋಗಿ ಬರುವ ಬಾಡಿಗೆಗೆ ಆಟೋ ಅಥವಾ ಕಾರು ಮಾಡಿಕೊಳ್ಳಿ, ಅಲ್ಲಿ ಕಾಯುವುದೂ ಸೇರಿ ಎಷ್ಟು ಅಂತ ಮೊದಲೇ ಮಾತಾಡಿ. ಬಿಟ್ಟು ಬರುವ ಬಾಡಿಗೆ ಕಡಿಮೆ ಅನಿಸಿದರೂ ವಾಪಸ್ ಬರಲು ಅಲ್ಲಿ ಗಾಡಿ ಸಿಗುವುದಿಲ್ಲ.

ಊಟ ಶಿರಸಿಯಿಂದಲೇ ಕಟ್ಟಿಸಿಕೊಳ್ಳಿ. ಒಳಗೆ ಹೋದ ಮೇಲೆ ಸಣ್ಣ ಅಂಗಡಿಯಲ್ಲಿ ಚಹಾ, ಬಿಸ್ಕೀಟು ಸಿಕ್ಕರೆ ಅದೃಷ್ಟ. ಚಪಾತಿ ಪಲ್ಯ, ಚಿತ್ರಾನ್ನ ಯಾವುದಾದರೂ ಸರಿ, ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ. ಮಂಗಗಳ ಎದುರು ಚೀಲ ಬಿಚ್ಚಬೇಡಿ. ಕೋಕಂ ಜ್ಯೂಸ್ ಸಿಕ್ಕರೆ ಬಿಡಬೇಡಿ, ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದವರಿಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ.

ಸಂಜೆ ಬಸ್ಸಿಗೆ ಟೈಮ್ ಇದ್ದರೆ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ ಬನ್ನಿ, ಪೇಟೆಯಲ್ಲಿ ತೊಡೆದೇವು ಅನ್ನುವ ಕಾಗದದಷ್ಟು ತೆಳುವಾದ ಸಿಹಿ ತಿಂಡಿ ಕೊಳ್ಳಿ. ಅದನ್ನು ಬ್ಯಾಗಿನ ಅಡಿಗೆ ಹಾಕಬೇಡಿ, ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲೂ ಇಡಬೇಡಿ. ತೊಡೆಯ ಮೇಲೆ ಇಟ್ಟುಕೊಂಡು ಹೋದರೂ ಬೆಂಗಳೂರು ಮುಟ್ಟುವಾಗ ಅರ್ಧ ಪುಡಿಯಾಗಿರುತ್ತದೆ, ಪುಡಿಯಾದದ್ದನ್ನು ಹಾಲಿಗೆ ಹಾಕಿಕೊಂಡು ತಿನ್ನಿ.